ಕಾಡಿನ ಕಣಿವೆಯಿಂದ ಬೋಳು ಬಯಲಿಗೆ ಒಂದು ದಿನದ ನಡಿಗೆ: ಪದೇ ಪದೇ ಕೇಳುವ ಪ್ರಶ್ನೆಗಳು

ಇಂಗ್ಲೆಂಡಿನ ಪೀಕ್ ಡಿಸ್ಟ್ರಿಕ್ಟ್‌ನಲ್ಲಿ ನಡೆಯುವ ಬಗ್ಗೆ ಇಲ್ಲಿ ಕೆಲಸಕ್ಕಿರುವ ನಮ್ಮವರು, ಮಕ್ಕಳ ಮನೆಗೆಂದು ಬಂದ ಹಿರಿಯರು ಕೇಳುತ್ತಲೇ ಇರುವ ಪ್ರಶ್ನೆಗಳಿವು. ಉದಾಹರಣೆಗೆ ಒಂದೇ ದಾರಿ ಹಿಡಿದಿದ್ದೇನೆ: ಗ್ರಿಂಡಲ್‌ಫರ್ಡ್ ಸ್ಟೇಷನ್ನಿನಿಂದ ಪ್ಯಾಡ್ಲಿ ಗಾರ್ಜ್ ಎಂಬ ಕಾಡಿನ ಕಣಿವೆ ಹತ್ತಿ, ಬರ್ಬೇಜ್ ಬಯಲು ದಾಟಿ, ಹಿಗ್ಗರ್ ಟಾರ್ ಬಂಡೆ ಮುಟ್ಟಿ, ಹ್ಯಾದರ್‌ಸೇಜ್ ಊರಿಗೆ ಇಳಿಯುವುದು. ಬೇರೆ ಕಡೆ ಹೋಗುವವರಿಗೂ ಮುಕ್ಕಾಲು ಪಾಲು ಉತ್ತರ ಹೊಂದುತ್ತದೆ.

## ಹೊರಡುವ ಮೊದಲು

ಮೂರ್‌ಲ್ಯಾಂಡ್ ಅಂದ್ರೆ ಏನು? ಅಲ್ಲಿ ಮರ ಯಾಕಿಲ್ಲ?

ಎತ್ತರದಲ್ಲಿರುವ, ಗಾಳಿಗೆ ತೆರೆದ, ಹುಲ್ಲು ಮತ್ತು ಹೆದರ್ ಎಂಬ ಕುರುಚಲು ಗಿಡ ತುಂಬಿದ ಬಯಲು. ನೋಡಿದರೆ ಸೃಷ್ಟಿಯಾದಾಗಿನಿಂದ ಹೀಗೇ ಇದೆ ಅನಿಸುತ್ತದೆ. ಆದರೆ ಸಾವಿರಾರು ವರ್ಷಗಳ ಹಿಂದೆ ಇಲ್ಲಿನ ಬಹಳಷ್ಟು ಜಾಗ ಕಾಡೇ ಆಗಿತ್ತು. ಜನ ಮರ ಕಡಿದರು, ಸುಟ್ಟರು, ದನ ಕುರಿ ಮೇಯಿಸಿದರು. ಹವೆಯೂ ತಂಪಾಗಿ ಮಳೆ ಹೆಚ್ಚಾಯಿತು. ನೀರು ನಿಂತ ಹುಳಿ ಮಣ್ಣಿನಲ್ಲಿ ಸತ್ತ ಗಿಡ ಪೂರ್ತಿ ಕೊಳೆಯದೆ ಪದರ ಪದರವಾಗಿ ಕೂತಿತು. ಆ ಕಪ್ಪು ಪದರವೇ ಪೀಟ್. ಅದು ಬೆಳೆಯುವುದು ವರ್ಷಕ್ಕೆ ಸುಮಾರು ಒಂದು ಮಿಲಿಮೀಟರ್. ಅಂದರೆ ಒಂದು ಮೀಟರ್ ಪೀಟ್ ಮೇಲೆ ನಿಂತಿದ್ದೀರಿ ಅಂದರೆ ಕಾಲ ಕೆಳಗೆ ಸಾವಿರ ವರ್ಷವಿದೆ. ಈಗಲೂ ಕುರಿ ಮೇಯುವುದರಿಂದ ಸಸಿ ತಲೆ ಎತ್ತುವುದು ಕಷ್ಟ.

ಕಣಿವೆಯಲ್ಲಿ ಮಾತ್ರ ಕಾಡು ಉಳಿದದ್ದು ಯಾಕೆ? ಕಡಿದಾದ, ಕಲ್ಲು ತುಂಬಿದ ಇಳಿಜಾರು ಉಳುಮೆಗೂ ಬೇಡ, ಮೇಯಿಸೋಕೂ ಬೇಡ. ಹಾಗಾಗಿ ಉಳಿಯಿತು.

ನಾನು ಟ್ರೆಕ್ಕಿಂಗ್ ಮಾಡಿದವನೇ ಅಲ್ಲ. ನನ್ನ ಕೈಲಿ ಆಗತ್ತಾ?

ಆಗುತ್ತದೆ. ಒಟ್ಟು 11-12 ಕಿಲೋಮೀಟರ್. ಹತ್ತುವುದು ಮುನ್ನೂರು ಮೀಟರ್ ಆಸುಪಾಸು, ಅದೂ ಒಂದೇ ಉಸಿರಿಗಲ್ಲ. ಕಾಲಿಗಿಂತ ನಿರ್ಧಾರ ಮುಖ್ಯ. ಈ ನಡಿಗೆಯಲ್ಲಿ ನಿಜವಾಗಿ ಎರಡು ದಿನ ಅಡಗಿವೆ. ಕಣಿವೆಯ ದಿನ ಒಂದು: ನೆರಳು, ಹೊಳೆ ಸದ್ದು, ಗಾಳಿಯೇ ಇಲ್ಲ. ಬಯಲಿನ ದಿನ ಇನ್ನೊಂದು: ಅದೇ ಹೊತ್ತಲ್ಲಿ ಅಲ್ಲಿ ಗಾಳಿ ಮುಖಕ್ಕೆ ಹೊಡೆಯುತ್ತಿರಬಹುದು. ನಾನು ನೋಡಿದಂತೆ ಹೊಸಬರಿಗೆ ಆಗುವ ತೊಂದರೆಯೆಲ್ಲ ಕಣಿವೆಗೆ ತಯಾರಾಗಿ ಬಯಲಿಗೆ ಹೋಗುವುದರಿಂದ ಆಗುತ್ತದೆ. ಬಟ್ಟೆ, ಸಮಯ, ಊಟ ಎಲ್ಲವನ್ನೂ ಬಯಲಿನ ಲೆಕ್ಕದಲ್ಲಿ ಇಟ್ಟುಕೊಳ್ಳಿ.

ಈ ದಾರಿಯ ಅನುಕೂಲವೆಂದರೆ ಕಾಡು ಮುಗಿದು ಸ್ವಲ್ಪ ದೂರದಲ್ಲಿ ಎ 6187 ಎಂಬ ಡಾಂಬರು ರಸ್ತೆ ಸಿಗುತ್ತದೆ. ರಸ್ತೆ ದಾಟುವ ಮೊದಲು ಅಲ್ಲೇ ನಿಂತು ಆಕಾಶ ನೋಡಿ. ಮನಸ್ಸು ಹಿಂದೇಟು ಹಾಕಿದರೆ ಬಂದ ದಾರಿಯಲ್ಲೇ ವಾಪಸ್. ಕಾಡಿನ ಭಾಗವೊಂದನ್ನೇ ನೋಡಿ ಬಂದರೂ ದಿನ ಹಾಳಾಗಲ್ಲ.

ಕಾರಿಲ್ಲ. ಟ್ರೈನಲ್ಲಿ ಹೋಗಿ ಬರಬಹುದಾ?

ಟ್ರೈನೇ ವಾಸಿ. ಒಂದು ಸ್ಟೇಷನ್ನಿನಲ್ಲಿ ಇಳಿದು ಇನ್ನೊಂದರಲ್ಲಿ ಹತ್ತಬಹುದು, ಕಾರಿಗಾಗಿ ಸುತ್ತಿ ಬರಬೇಕಿಲ್ಲ. ಶೆಫೀಲ್ಡ್‌ನಿಂದ ಗ್ರಿಂಡಲ್‌ಫರ್ಡ್‌ಗೆ ಕಾಲು ಗಂಟೆ, ಮ್ಯಾಂಚೆಸ್ಟರ್ ಕಡೆಯಿಂದ ಒಂದು ಗಂಟೆ. ಶೆಫೀಲ್ಡ್ ಕಡೆಯಿಂದ ಬಂದರೆ 5.7 ಕಿಲೋಮೀಟರ್ ಉದ್ದದ ಟಾಟ್ಲಿ ಸುರಂಗದ ಕತ್ತಲೆ ಮುಗಿದದ್ದೇ ತಡ, ಸ್ಟೇಷನ್ ಬಂದಿರುತ್ತದೆ. ಬಾಗಿಲ ಹತ್ತಿರ ರೆಡಿಯಾಗಿ ನಿಂತಿರಿ. ಎಲ್ಲ ಟ್ರೈನೂ ಈ ಸಣ್ಣ ಸ್ಟೇಷನ್‌ಗಳಲ್ಲಿ ನಿಲ್ಲುವುದಿಲ್ಲ, ಹಾಗಾಗಿ ವಾಪಸ್ ಟ್ರೈನಿನ ಹೊತ್ತು ಬೆಳಿಗ್ಗೆಯೇ ಬರೆದಿಟ್ಟುಕೊಳ್ಳಿ.

ಯಾವ ತಿಂಗಳು ಚೆಂದ?

ಕಾಡಿಗೆ ಮೇ, ಬಯಲಿಗೆ ಆಗಸ್ಟ್. ಮೇ ತಿಂಗಳಲ್ಲಿ ಓಕ್ ಮರದ ಎಳೆ ಎಲೆ, ಹಕ್ಕಿಗಳ ಗಲಾಟೆ. ಆಗಸ್ಟ್‌ನಲ್ಲಿ ಹೆದರ್ ಹೂಬಿಟ್ಟು ಬಯಲೆಲ್ಲ ನೇರಳೆ. ಫೋಟೋ ನೋಡಿ ಬರುವವರು ಬರುವುದು ಇದಕ್ಕೇ. ಸೆಪ್ಟೆಂಬರ್ ನಡುವಿಗೆ ಬಣ್ಣ ಮಾಸುತ್ತದೆ. ನನ್ನನ್ನು ಕೇಳಿದರೆ ಅಕ್ಟೋಬರ್: ಬ್ರ್ಯಾಕನ್ ಎಂಬ ಜರಿಗಿಡ ಒಣಗಿ ಗುಡ್ಡವೆಲ್ಲ ತಾಮ್ರದ ಬಣ್ಣಕ್ಕೆ ತಿರುಗಿರುತ್ತದೆ, ಜನ ಕಡಿಮೆ.

ಚಳಿಗಾಲದಲ್ಲಿ ಹೋಗಬಾರದು ಅಂತೇನಿಲ್ಲ. ಆದರೆ ಡಿಸೆಂಬರ್‌ನಲ್ಲಿ ಸಂಜೆ ನಾಲ್ಕಕ್ಕೆ ಮೊದಲೇ ಸೂರ್ಯ ಮುಳುಗುತ್ತಾನೆ. ಜೂನ್‌ನಲ್ಲಿ ರಾತ್ರಿ ಒಂಬತ್ತೂವರೆಗೂ ಬೆಳಕಿರುತ್ತದೆ. ಅಕ್ಟೋಬರ್‌ನ ಕೊನೆಯ ಭಾನುವಾರ ಗಡಿಯಾರ ಒಂದು ಗಂಟೆ ಹಿಂದಕ್ಕೆ ಹೋಗುತ್ತದೆ. ಆ ವಾರ ಎಷ್ಟೋ ಜನ ಕತ್ತಲಲ್ಲಿ ಇಳಿಯುತ್ತಾರೆ.

ಬಿಸಿಲಿದೆ. ಆದ್ರೂ ಮಳೆ ಜಾಕೆಟ್ ಬೇಕಾ? ಜೀನ್ಸ್ ನಡೆಯತ್ತಾ?

ಜಾಕೆಟ್ ಬೇಕು, ಜೀನ್ಸ್ ಬೇಡ. ಜೀನ್ಸ್ ಒಮ್ಮೆ ಒದ್ದೆಯಾದರೆ ಸಂಜೆವರೆಗೂ ಒಣಗಲ್ಲ, ಗಾಳಿಗೆ ಮೈ ಶಾಖವನ್ನೆಲ್ಲ ಎಳೆದುಕೊಳ್ಳುತ್ತದೆ. ಹತ್ತಿ ಬನಿಯನ್ನಿಗೂ ಇದೇ ಮಾತು. ಬೇಗ ಒಣಗುವ ಸಿಂಥೆಟಿಕ್ ಅಥವಾ ಉಣ್ಣೆ ಬಟ್ಟೆ ಹಾಕಿ. ಇನ್ನೂರೈವತ್ತು ಮುನ್ನೂರು ಮೀಟರ್ ಹತ್ತಿದರೆ ಉಷ್ಣತೆ ಇಳಿಯುವುದು ಎರಡು ಡಿಗ್ರಿ ಅಷ್ಟೆ. ಗಡಗಡ ನಡುಗಿಸುವುದು ಗಾಳಿ. ಕಿವಿ ಮುಚ್ಚುವ ಒಂದು ಟೋಪಿ ಬೇಸಿಗೆಯಲ್ಲೂ ಬ್ಯಾಗಿನಲ್ಲಿರಲಿ.

ಊರಿನ ಹವಾಮಾನ ನೋಡಿ ಹೊರಡಬೇಡಿ. ಇಲ್ಲಿನ ಹವಾಮಾನ ಇಲಾಖೆಯಾದ ಮೆಟ್ ಆಫೀಸ್ ಪೀಕ್ ಡಿಸ್ಟ್ರಿಕ್ಟ್‌ಗೆಂದೇ ಪರ್ವತ ಮುನ್ಸೂಚನೆ ಕೊಡುತ್ತದೆ, ಅದರಲ್ಲಿ ಗಾಳಿಯ ವೇಗ ಮತ್ತು ಮೋಡ ಎಷ್ಟು ಎತ್ತರಕ್ಕೆ ಕೂರುತ್ತದೆ ಅನ್ನುವುದೂ ಇರುತ್ತದೆ.

ಅಮ್ಮ ಊರಿನಿಂದ ಬಂದಿದ್ದಾರೆ, ಸೀರೆನೇ ಉಡೋದು. ಅವರನ್ನು ಕರ್ಕೊಂಡು ಹೋಗಬಹುದಾ?

ಖಂಡಿತ, ಆದರೆ ಗಾರ್ಜ್ ಹತ್ತಿಸಬೇಡಿ. ಅಲ್ಲಿ ಬೇರು ಮತ್ತು ಪಾಚಿ ಕಟ್ಟಿದ ಕಲ್ಲಿನ ಮೇಲೆ ಕಾಲಿಡಬೇಕು, ನೆರಿಗೆ ಹಿಡಿದುಕೊಂಡು ಕೈ ಊರಲು ಆಗಲ್ಲ. ಮೇಲೆ ಲಾಂಗ್‌ಶಾ ಎಸ್ಟೇಟ್‌ವರೆಗೆ ಕಾರಿನಲ್ಲೇ ಹೋಗಬಹುದು. ಪಾರ್ಕಿಂಗ್, ಶೌಚಾಲಯ, ಟೀ ಎಲ್ಲ ಇದೆ. ಅಲ್ಲಿಂದ ಬರ್ಬೇಜ್ ಬ್ರುಕ್ ಎಂಬ ಹೊಳೆಯ ಮೇಲ್ಭಾಗಕ್ಕೆ ಸುಲಭದ ದಾರಿ. ನೀರು ಮೊಣಕಾಲಿಗೂ ಬರದಷ್ಟು ಕಡೆ ಮಕ್ಕಳು ಆಡುತ್ತಿರುತ್ತಾರೆ. ಬುತ್ತಿ ಬಿಚ್ಚಲು ಅದಕ್ಕಿಂತ ಒಳ್ಳೆ ಜಾಗ ಇಲ್ಲ. ಕೂತರೆ ಚಳಿಯಾಗುತ್ತದೆ, ಶಾಲಿನ ಜೊತೆ ಕೂರಲು ಒಂದು ದಪ್ಪ ಹಾಸು ಒಯ್ಯಿರಿ.

## ಕಾಡಿನ ದಾರಿಯಲ್ಲಿ

ಗಾರ್ಜ್ ಒಳಗೆ ನೋಡೋಕೆ ಏನಿದೆ? ಸುಮ್ನೆ ಬೇಗ ದಾಟಿ ಮೇಲೆ ಹೋಗೋದಾ?

ಬೇಗ ದಾಟಬೇಡಿ. ಒಂದು ಕಾಲದಲ್ಲಿ ಈ ಬೆಟ್ಟಸಾಲಿನ ಅಂಚುಗಳಲ್ಲೆಲ್ಲ ಇದ್ದ ಓಕ್ ಕಾಡಿನ ಉಳಿಕೆ ಇದು. ಮರಗಳು ಎತ್ತರವಲ್ಲ, ಸೊಟ್ಟ ಸೊಟ್ಟ. ಕೊಂಬೆ, ಕಲ್ಲು ಎಲ್ಲದರ ಮೇಲೂ ಹಸಿರು ಪಾಚಿ. ಮೇ ತಿಂಗಳಲ್ಲಿ ಪೈಡ್ ಫ್ಲೈಕ್ಯಾಚರ್ ಎಂಬ ಕಪ್ಪು ಬಿಳುಪಿನ ಪುಟ್ಟ ಹಕ್ಕಿ ಆಫ್ರಿಕಾದಿಂದ ಬಂದು ಮರದ ಪೊಟರೆಯಲ್ಲಿ ಗೂಡು ಮಾಡುತ್ತದೆ. ಹೊಳೆಯ ಕಲ್ಲಿನ ಮೇಲೆ ಎದೆ ಬೆಳ್ಳಗಿರುವ ದುಂಡು ಹಕ್ಕಿಯೊಂದು ಬಸ್ಕಿ ಹೊಡೆದಂತೆ ಕುಣಿಯುತ್ತಿದ್ದರೆ ಅದು ಡಿಪ್ಪರ್. ನೋಡುತ್ತಿದ್ದಂತೆ ನೀರಿನೊಳಗೇ ನಡೆದು ಹೋಗಿ ಹುಳ ಹೆಕ್ಕಿ ಬರುತ್ತದೆ.

ದಾರಿ ಬದಿಯಲ್ಲಿ ಒಣಗಿದ ಎಲೆಕಡ್ಡಿಯ ಗುಡ್ಡೆ ಕಂಡರೆ ಕೂರುವ ಮುನ್ನ ಬಗ್ಗಿ ನೋಡಿ. ಕಾಡಿರುವೆಗಳ ಗೂಡದು, ಇಡೀ ಗುಡ್ಡೆ ಮಿಸುಕಾಡುತ್ತಿರುತ್ತದೆ. ಇನ್ನೊಂದು ವಿಚಿತ್ರ: ಬಿದ್ದ ಮರದ ದಿಮ್ಮಿಗಳಲ್ಲಿ ಜನ ಕಲ್ಲಿನಿಂದ ಕುಟ್ಟಿ ಸೇರಿಸಿದ ನೂರಾರು ನಾಣ್ಯಗಳು. ಹರಕೆ ಅನ್ನಿ, ಆಟ ಅನ್ನಿ. ನೀವು ಸೇರಿಸದಿದ್ದರೆ ಮರಕ್ಕೆ ಒಳ್ಳೆಯದು.

ಅಲ್ಲಲ್ಲಿ ಬೀಸುಕಲ್ಲು ಬಿದ್ದಿದೆಯಲ್ಲ, ಯಾರು ತಂದು ಹಾಕಿದ್ದು?

ತಂದದ್ದಲ್ಲ, ಅಲ್ಲೇ ಕಡೆದದ್ದು. ಈ ಒರಟು ಮರಳುಗಲ್ಲು ಗಿರಣಿ ಕಲ್ಲಿಗೆ ಹೆಸರಾಗಿತ್ತು. ಆಮೇಲೆ ಫ್ರಾನ್ಸಿನ ಕಲ್ಲು ಬಂತು, ಅದರಲ್ಲಿ ಬೀಸಿದ ಹಿಟ್ಟು ಹೆಚ್ಚು ಬೆಳ್ಳಗೆ. ಅದರ ಹಿಂದೆಯೇ ಉಕ್ಕಿನ ರೋಲರ್. ಗಿರಾಕಿ ತಪ್ಪಿತು, ಕಡೆದಿಟ್ಟ ಕಲ್ಲು ಅಲ್ಲೇ ಉಳಿಯಿತು. ಈಗ ಅದೇ ಕಲ್ಲು ಈ ರಾಷ್ಟ್ರೀಯ ಉದ್ಯಾನದ ಗುರುತು. ಬ್ರಿಟನ್ನಿನ ಮೊದಲ ರಾಷ್ಟ್ರೀಯ ಉದ್ಯಾನವಾಗಿ 1951ರ ಏಪ್ರಿಲ್‌ನಲ್ಲಿ ಘೋಷಣೆಯಾದದ್ದು ಪೀಕ್ ಡಿಸ್ಟ್ರಿಕ್ಟ್.

ಬೇರೆಯವರ ಜಮೀನಲ್ಲಿ ಹೀಗೆ ಓಡಾಡಿದ್ರೆ ಯಾರೂ ಬೈಯಲ್ವಾ?

ಸಾರ್ವಜನಿಕ ಕಾಲುದಾರಿ ಯಾರ ಹೊಲದ ನಡುವೆ ಹೋದರೂ ಅದರಲ್ಲಿ ನಡೆಯುವುದು ನಿಮ್ಮ ಹಕ್ಕು. ಹಳದಿ ಬಾಣ ಅಂದರೆ ನಡೆಯುವವರಿಗೆ ಮಾತ್ರ, ನೀಲಿ ಬಾಣ ಅಂದರೆ ಕುದುರೆ, ಸೈಕಲ್ಲಿಗೂ ಅವಕಾಶ. ದಾರಿ ಬಿಟ್ಟು ಹೊಲಕ್ಕೆ ಇಳಿಯುವಂತಿಲ್ಲ.

ಬಯಲಿನದು ಬೇರೆ ಕಥೆ. 2000ದಲ್ಲಿ ಬಂದ ಕಾನೂನಿನ ಪ್ರಕಾರ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ನಕ್ಷೆಯಲ್ಲಿ ಗುರುತಿಸಿದ ಬಯಲು, ಬೆಟ್ಟದಲ್ಲಿ ದಾರಿ ಬಿಟ್ಟೂ ಕಾಲ್ನಡಿಗೆಯಲ್ಲಿ ತಿರುಗಬಹುದು. ಇದು ಸುಮ್ನೆ ಸಿಕ್ಕಿದ್ದಲ್ಲ. ಇಂಥ ಬಯಲನ್ನೆಲ್ಲ ಶ್ರೀಮಂತರು ಗ್ರೌಸ್ ಹಕ್ಕಿ ಬೇಟೆಗೆಂದು ಮುಚ್ಚಿಟ್ಟಿದ್ದರು. 1932ರ ಏಪ್ರಿಲ್ 24ರಂದು ಬೆನ್ನಿ ರಾತ್‌ಮನ್ ಎಂಬ ಮ್ಯಾಂಚೆಸ್ಟರ್ ಯುವಕನ ಜೊತೆ ನೂರಾರು ಕೂಲಿಕಾರರು ಇಲ್ಲಿಗೆ ವಾಯವ್ಯದಲ್ಲಿರುವ ಕಿಂಡರ್ ಸ್ಕೌಟ್ ಬೆಟ್ಟಕ್ಕೆ ಬೇಕಂತಲೇ ನುಗ್ಗಿದರು. ರಾತ್‌ಮನ್ ಸೇರಿ ಐವರಿಗೆ ಜೈಲಾಯಿತು. ಲಾಂಗ್‌ಶಾ ಸಿಕ್ಕಿದ್ದು ಇನ್ನೊಂದು ರೀತಿ. ರಟ್ಲೆಂಡ್ ಡ್ಯೂಕ್‌ನ ಬೇಟೆ ಎಸ್ಟೇಟ್ ಅದು. ಮಾರಾಟಕ್ಕೆ ಬಂದಾಗ ಎಥೆಲ್ ಹೇಥಾರ್ನ್‌ತ್‌ವೇಟ್ ಮುಂದಾಳತ್ವದಲ್ಲಿ ಶೆಫೀಲ್ಡ್ ಜನ ಚಂದಾ ಎತ್ತಿ ಕೊಂಡರು, 1931ರಲ್ಲಿ ಇಂಥ ಜಾಗಗಳನ್ನು ಕಾಪಾಡುವ ನ್ಯಾಷನಲ್ ಟ್ರಸ್ಟ್ ಸಂಸ್ಥೆಗೆ ಒಪ್ಪಿಸಿದರು.

ದಾರಿಗೆ ಅಡ್ಡ ಹಸು ನಿಂತಿದ್ರೆ? ನಮ್ಮ ನಾಯಿ ಜೊತೆಗಿದ್ರೆ?

ನಮಗೆ ಹಸು ಅಂದರೆ ಹೆದರಿಕೆಯಿಲ್ಲ, ಅದೇ ಇಲ್ಲಿ ತಾಪತ್ರಯ. ಹೊಲದಲ್ಲಿ ಬಿಟ್ಟ ಇಲ್ಲಿನ ಹಸುಗಳು ಕೈ ಬಳಕೆಯವಲ್ಲ. ಕರು ಜೊತೆಗಿದ್ದರೆ ದೂರದಿಂದ ಸುತ್ತಿ ಹೋಗಿ, ತಾಯಿ ಕರುವಿನ ನಡುವೆ ಎಂದೂ ಹೋಗಬೇಡಿ. ಮುಟ್ಟಿ ನಮಸ್ಕಾರ ಮಾಡೋದೂ ಬೇಡ. ಅಟ್ಟಿಸಿಕೊಂಡು ಬಂದರೆ ನಾಯಿಯ ಹಗ್ಗ ಬಿಟ್ಟುಬಿಡಿ, ಅದು ಓಡಿ ಪಾರಾಗುತ್ತದೆ.

ಉಳಿದಂತೆ ನಾಯಿ ಹಗ್ಗದಲ್ಲೇ ಇರಬೇಕು. ತೆರೆದ ಬಯಲಿನಲ್ಲಿ ಮಾರ್ಚ್ 1ರಿಂದ ಜುಲೈ 31ರವರೆಗೆ ಗಿಡ್ಡ ಹಗ್ಗ ಕಾನೂನಿನ ಪ್ರಕಾರವೇ ಕಡ್ಡಾಯ, ನೆಲದ ಮೇಲೆ ಹಕ್ಕಿ ಗೂಡು ಕಟ್ಟುವ ಕಾಲ ಅದು. ಗೇಟು ತೆರೆದಿದ್ದರೆ ತೆರೆದೇ ಬಿಡಿ, ಮುಚ್ಚಿದ್ದರೆ ಮುಚ್ಚಿ.

ಉಣ್ಣಿ ಕಚ್ಚತ್ತಂತೆ, ಹೌದಾ? ಹಾವೂ ಇದೆಯಾ?

ಉಣ್ಣಿಯ ಬಗ್ಗೆ ಎಚ್ಚರವಿರಲಿ. ಬ್ರ್ಯಾಕನ್ ಪೊದೆ, ಉದ್ದ ಹುಲ್ಲಿನಲ್ಲಿ ಇರುತ್ತದೆ. ಮರಿ ಉಣ್ಣಿ ಗಸಗಸೆ ಕಾಳಿನಷ್ಟೇ, ಕಚ್ಚಿದ್ದೂ ಗೊತ್ತಾಗಲ್ಲ. ಇದು ನಮ್ಮ ಕಡೆಯ ಮಂಗನ ಕಾಯಿಲೆಯ ಉಣ್ಣಿಯಲ್ಲ, ಇದರಿಂದ ಬರಬಹುದಾದ್ದು ಲೈಮ್ ಎಂಬ ಬ್ಯಾಕ್ಟೀರಿಯಾ ಕಾಯಿಲೆ. ಮನೆಗೆ ಬಂದು ಮೊಣಕಾಲ ಹಿಂದೆ, ತೊಡೆಸಂದು, ಕಂಕುಳು, ಮಕ್ಕಳ ಕಿವಿ ಹಿಂದೆ, ಕೂದಲ ಬುಡ ನೋಡಿ. ಕಚ್ಚಿಕೊಂಡಿದ್ದರೆ ಚೂಪು ಚಿಮಟದಿಂದ ಚರ್ಮಕ್ಕೆ ತಾಗುವಂತೆ ಹಿಡಿದು ನಿಧಾನಕ್ಕೆ ನೇರ ಮೇಲೆ ಎಳೆಯಿರಿ. ಎಣ್ಣೆ, ಸುಣ್ಣ, ಬೆಂಕಿಕಡ್ಡಿ ಯಾವುದೂ ಬೇಡ. ಸಾಮಾನ್ಯವಾಗಿ ಒಂದರಿಂದ ನಾಲ್ಕು ವಾರದೊಳಗೆ ಕಚ್ಚಿದ ಜಾಗದ ಸುತ್ತ ಕೆಂಪು ಹರಡಿದರೆ, ಜ್ವರದಂತಾದರೆ ಜಿಪಿ, ಅಂದರೆ ನಿಮ್ಮ ಸ್ಥಳೀಯ ವೈದ್ಯರ ಹತ್ತಿರ ಹೋಗಿ, ಉಣ್ಣಿ ಕಚ್ಚಿತ್ತು ಅಂತ ಹೇಳಿ. ನಮ್ಮ ಮೈಬಣ್ಣದ ಮೇಲೆ ಆ ಕೆಂಪು ಅಷ್ಟು ಎದ್ದು ಕಾಣಲ್ಲ, ಬೆಳಕಿನಲ್ಲಿ ಸರಿಯಾಗಿ ನೋಡಬೇಕು.

ವಿಷದ ಹಾವು ಬ್ರಿಟನ್ನಿನಲ್ಲಿ ಒಂದೇ, ಆ್ಯಡರ್. ಬೆನ್ನ ಮೇಲೆ ಅಂಕುಡೊಂಕು ಪಟ್ಟಿ. ಕಾಣುವುದೇ ಅಪರೂಪ, ಕಂಡರೆ ಅದರ ಪಾಡಿಗೆ ಬಿಡಿ.

## ಬಯಲಿಗೆ ಬಂದ ಮೇಲೆ

ಕೆಸರಲ್ಲಿ ಹೂತು ಹೋಗ್ತೀವಿ ಅಂತಾರೆ, ನಿಜಾನಾ?

ಈ ದಾರಿಯಲ್ಲಿ ಅಂಥ ಭಯವಿಲ್ಲ. ಬರ್ಬೇಜ್ ಕಣಿವೆಯ ಬಲಬದಿಗೆ ಡ್ಯೂಕ್‌ನ ಕಾಲದ ಅಗಲವಾದ ಗಾಡಿದಾರಿ ಇದೆ. ದಾರಿ ಬಿಟ್ಟರೆ ಮಾತ್ರ ನೆಲವನ್ನು ಓದಲು ಬರಬೇಕು. ಹೆದರ್ ಗಿಡ ದಟ್ಟವಾಗಿದ್ದರೆ ನೆಲ ಸಾಮಾನ್ಯವಾಗಿ ಗಟ್ಟಿ. ಜೊಂಡಿನಂಥ ಉದ್ದ ಹುಲ್ಲು ಇದ್ದರೆ ಕಾಲು ಒದ್ದೆ. ಬಿಳಿ ಹತ್ತಿ ಉಂಡೆಯಂಥ ಹೂಹುಲ್ಲು ಇದ್ದರೆ ಕೆಳಗೆ ನೆನೆದ ಪೀಟ್. ಕಣ್ಣಿಗೆ ಹೊಡೆಯುವಷ್ಟು ಹಸಿರಾಗಿ, ಚಾಪೆಯಂತೆ ನುಣ್ಣಗೆ ಕಾಣುವ ಪಾಚಿ ಇದ್ದರೆ ಅದರ ಮೇಲೆ ಕಾಲಿಡಲೇಬೇಡಿ. ಅದು ಸ್ಫ್ಯಾಗ್ನಮ್, ಕೆಳಗಿರುವುದು ನೀರು. ಒಂದು ಕಾಲು ಹೂತರೆ ಇನ್ನೊಂದನ್ನು ಒತ್ತಬೇಡಿ. ಮೈಯನ್ನು ಹಿಂದಕ್ಕೆ ವಾಲಿಸಿ, ಬಂದ ಕಡೆಗೇ ನಿಧಾನಕ್ಕೆ ಎಳೆದುಕೊಳ್ಳಿ. ಲೇಸ್ ಬಿಗಿಯಾಗಿದ್ದರೆ ಶೂ ಉಳಿಯುತ್ತದೆ.

ಎಷ್ಟು ಹೊತ್ತು ಹಿಡಿಯತ್ತೆ ಅಂತ ಲೆಕ್ಕ ಹಾಕೋದು ಹೇಗೆ?

ಸ್ಕಾಟ್ಲೆಂಡಿನ ವಿಲಿಯಂ ನೈಸ್ಮಿತ್ 1892ರಲ್ಲಿ ಕೊಟ್ಟ ಲೆಕ್ಕ ಈಗಲೂ ಚಾಲ್ತಿಯಲ್ಲಿದೆ: 5 ಕಿಲೋಮೀಟರಿಗೆ ಒಂದು ಗಂಟೆ, ಹತ್ತುವ ಪ್ರತಿ 100 ಮೀಟರಿಗೆ 10 ನಿಮಿಷ ಸೇರಿಸಿ. ಈ ದಾರಿಗೆ ಸುಮಾರು ಮೂರು ಗಂಟೆ ಬರುತ್ತದೆ. ಆದರೆ ನೈಸ್ಮಿತ್ ಜೊತೆ ಮಕ್ಕಳಿರಲಿಲ್ಲ, ಫೋನಿನಲ್ಲಿ ಕ್ಯಾಮೆರಾ ಇರಲಿಲ್ಲ. ಊಟ, ಫೋಟೋ, ಹರಟೆ ಸೇರಿ ಐದು ಗಂಟೆ ಇಟ್ಟುಕೊಳ್ಳಿ.

ಫೋನಲ್ಲಿ ಮ್ಯಾಪ್ ಇದೆಯಲ್ಲ, ಕಾಗದದ್ದು ಯಾಕೆ?

ಕಣಿವೆಯಲ್ಲಿ ಸಿಗ್ನಲ್ ಇರಲ್ಲ, ಬಯಲಿನ ಚಳಿಗೆ ಬ್ಯಾಟರಿ ಬೇಗ ಇಳಿಯುತ್ತದೆ, ಒದ್ದೆ ಬೆರಳಿಗೆ ಸ್ಕ್ರೀನ್ ಓಗೊಡಲ್ಲ. ಊರಿನ ರಸ್ತೆ ತೋರಿಸುವ ಆ್ಯಪ್‌ನಲ್ಲಂತೂ ಇಡೀ ಬಯಲು ಬರೀ ಹಸಿರು ಬಣ್ಣ. ಬ್ರಿಟನ್ನಿನ ನಕ್ಷೆ ಸಂಸ್ಥೆ ಆರ್ಡ್ನೆನ್ಸ್ ಸರ್ವೆಯ 1:25,000 ನಕ್ಷೆ ತಗೊಳ್ಳಿ: ಉತ್ತರ ಭಾಗಕ್ಕೆ ಓಎಲ್ 1, ದಕ್ಷಿಣಕ್ಕೆ ಓಎಲ್ 24. ನಾಲ್ಕು ಸೆಂಟಿಮೀಟರ್ ಅಂದರೆ ಒಂದು ಕಿಲೋಮೀಟರ್. ಬೇಲಿ, ಗೋಡೆ ಎಲ್ಲಿವೆ ಅನ್ನುವುದೂ ಅದರಲ್ಲಿದೆ. ಹಸಿರು ಗೀಟು ಕಾಲುದಾರಿ, ತೆಳು ಹಳದಿ ಬಳಿದದ್ದು ತಿರುಗಾಡಲು ತೆರೆದ ನೆಲ. ಕಾಗದದ ನಕ್ಷೆ ಕೊಂಡರೆ ಅದನ್ನೇ ಫೋನಿಗೆ ಇಳಿಸಿಕೊಳ್ಳುವ ಕೋಡ್ ಒಳಗಿರುತ್ತದೆ. ಎರಡೂ ಇರಲಿ.

ಹಿಗ್ಗರ್ ಟಾರ್ ಹತ್ತೋದು ಕಷ್ಟಾನಾ? ಪಕ್ಕದ ಕೋಟೆ ನೋಡಬೇಕಾ?

434 ಮೀಟರ್ ಎತ್ತರದ ಚಪ್ಪಟೆ ಬಂಡೆಗುಡ್ಡ. ಮೇಲಿನ ಬರ್ಬೇಜ್ ಸೇತುವೆ ಕಡೆಯಿಂದ ಬಂದರೆ ಏರು ಗೊತ್ತೇ ಆಗಲ್ಲ. ಅಂಚಿನಲ್ಲಿ ಮಕ್ಕಳ ಕೈ ಬಿಡಬೇಡಿ. ಕೆಳಗೆ ಕಾಣುವ ಇನ್ನೊಂದು ದಿಬ್ಬ ಕಾರ್ಲ್ ವಾರ್ಕ್. ಮೂರು ಕಡೆ ನೈಸರ್ಗಿಕ ಕಡಿದು, ತೆರೆದ ಕಡೆ ಮಾತ್ರ ದೊಡ್ಡ ದೊಡ್ಡ ಕಲ್ಲು ಪೇರಿಸಿ ಕಟ್ಟಿದ ಗೋಡೆ. ಗಾರೆ ಇಲ್ಲ, ಏನಿಲ್ಲ. ಇಳಿದು ಹತ್ತಿ ಬರಲು ಮುಕ್ಕಾಲು ಗಂಟೆ ಜಾಸ್ತಿ ಬೇಕು. ಹೊತ್ತಿದ್ದರೆ ಬಿಡಬೇಡಿ.

ನಡೆಯುವಾಗ ಕಾಲ ಬುಡದಿಂದಲೇ ಏನೋ ಭರ್ರನೆ ಹಾರಿ ಎದೆ ಝಲ್ಲೆನಿಸಿದರೆ ಅದು ಗ್ರೌಸ್. 'ಗೋ ಬ್ಯಾಕ್, ಗೋ ಬ್ಯಾಕ್' ಅಂತಲೇ ಕೂಗುತ್ತದೆ. ಹೋಗಬೇಕಿಲ್ಲ.

ದಟ್ಟ ಮಂಜು ಮುಚ್ಚಿದರೆ ಏನು ಮಾಡಬೇಕು?

ಮೊದಲು ನಿಲ್ಲಿ. ಜಾಕೆಟ್ ಹಾಕಿ, ಏನಾದರೂ ತಿನ್ನಿ, ಕೊನೆಯದಾಗಿ ಖಚಿತವಾಗಿ ಎಲ್ಲಿದ್ದಿರಿ ಅಂತ ನಕ್ಷೆಯಲ್ಲಿ ಬೆರಳಿಡಿ. ಆಮೇಲೆ ಉದ್ದಕ್ಕೆ ಹಿಡಿದುಕೊಂಡು ಹೋಗುವಂಥದ್ದು ಏನಿದೆ ನೋಡಿ: ಕಲ್ಲುಗೋಡೆ, ಬೇಲಿ, ಗಾಡಿದಾರಿ, ರಸ್ತೆ. ಬಂಡೆಯ ಅಂಚು ಇರುವ ಕಡೆ ನೀರಿನ ಜಾಡು ಹಿಡಿದು ಇಳಿಯಬೇಡಿ, ಅದು ನೇರ ಅಂಚಿನಿಂದ ಧುಮುಕಬಹುದು.

ಏನೂ ಇಲ್ಲದ ಬಯಲಾದರೆ ದಿಕ್ಸೂಚಿ. ಈಗ ಬ್ರಿಟನ್ನಿನಲ್ಲಿ ಸೂಜಿಯ ಉತ್ತರಕ್ಕೂ ನಕ್ಷೆಯ ಉತ್ತರಕ್ಕೂ ವ್ಯತ್ಯಾಸ ತೀರಾ ಕಡಿಮೆ, ಸಣ್ಣ ದೂರಕ್ಕೆ ಲೆಕ್ಕ ಹಿಡಿಯಬೇಕಿಲ್ಲ. ಒಂದೇ ಕಾಲು ನೆಲಕ್ಕೆ ತಾಗಿದ್ದನ್ನು ಎಣಿಸಿದರೆ ಸಮತಟ್ಟಿನಲ್ಲಿ 100 ಮೀಟರಿಗೆ 60-65 ಬರುತ್ತದೆ. ನಿಮ್ಮ ಲೆಕ್ಕವನ್ನು ಬಿಸಿಲಿನ ದಿನವೇ ಎಣಿಸಿಟ್ಟುಕೊಳ್ಳಿ. ಗುರಿ ಒಂದು ಸೇತುವೆ ಅಂದುಕೊಳ್ಳಿ. ನೇರ ಅದಕ್ಕೇ ಗುರಿಯಿಡದೆ ಬೇಕಂತಲೇ ಸ್ವಲ್ಪ ಎಡಕ್ಕೆ ಹೋಗಿ. ಹೊಳೆ ಸಿಕ್ಕಾಗ ಬಲಕ್ಕೆ ತಿರುಗಬೇಕು ಅನ್ನುವುದರಲ್ಲಿ ಅನುಮಾನವೇ ಇರಲ್ಲ.

ಕಾಲು ಮುರೀತು, ಜೊತೆಗೆ ಯಾರೂ ಇಲ್ಲ. ಯಾರನ್ನು ಕರೆಯೋದು?

999 ಅಥವಾ 112. ಮೊದಲು ಪೊಲೀಸ್ ಕೇಳಿ, ಆಮೇಲೆ ಮೌಂಟನ್ ರೆಸ್ಕ್ಯೂ ಬೇಕು ಅನ್ನಿ. ಸುಮ್ನೆ ಆಂಬುಲೆನ್ಸ್ ಅಂದರೆ ಅದು ರಸ್ತೆಗೆ ಬರುತ್ತದೆ, ಬಯಲಿಗಲ್ಲ. ಜಾಗವನ್ನು ಗ್ರಿಡ್ ಸಂಖ್ಯೆಯಲ್ಲಿ, ಅಂದರೆ ನಕ್ಷೆಯ ಚೌಕಗಳ ಲೆಕ್ಕದಲ್ಲಿ ಹೇಳಿ. ಹಿಗ್ಗರ್ ಟಾರ್ ಆದರೆ ಎಸ್‌ಕೆ 257 819. ಮಾತಾಡುವಷ್ಟು ಸಿಗ್ನಲ್ ಇಲ್ಲದಿದ್ದರೂ ಎಸ್‌ಎಂಎಸ್ ಹೋಗಬಹುದು, ಆದರೆ ಅದಕ್ಕೆ ಮೊದಲೇ ನೋಂದಣಿ ಬೇಕು: ಮನೆಯಲ್ಲಿದ್ದಾಗಲೇ 999ಕ್ಕೆ ಇಂಗ್ಲಿಷಿನಲ್ಲಿ 'ರಿಜಿಸ್ಟರ್' ಎಂದು ಸಂದೇಶ ಕಳಿಸಿ. ಫೋನೇ ಇಲ್ಲ ಅಂದರೆ ಸೀಟಿ: ಒಂದು ನಿಮಿಷದಲ್ಲಿ ಆರು ಸಲ ಊದಿ, ಒಂದು ನಿಮಿಷ ಸುಮ್ಮನಿದ್ದು, ಮತ್ತೆ ಆರು. ಮೂರು ಸಲ ಸೀಟಿ ಕೇಳಿದರೆ ಅದು ಉತ್ತರ. ಬರುವವರೆಲ್ಲ ಸಂಬಳವಿಲ್ಲದ ಸ್ವಯಂಸೇವಕರು, ದುಡ್ಡು ಕೇಳುವುದಿಲ್ಲ. ಬಿಲ್ ಬರುತ್ತದೆ ಅಂತ ಹೆದರಿ ಕರೆಯದೆ ಇರಬೇಡಿ.

ಬಯಲಲ್ಲಿ ಬಾರ್ಬೆಕ್ಯೂ ಮಾಡಬಹುದಾ? ರಾತ್ರಿ ಟೆಂಟ್ ಹಾಕಬಹುದಾ?

ಬೆಂಕಿ ಖಂಡಿತ ಇಲ್ಲ. ತಿರುಗಾಡಲು ತೆರೆದ ಬಯಲಿನಲ್ಲಿ ಬೆಂಕಿ ಹಚ್ಚುವುದು ಕಾನೂನಿಗೆ ವಿರುದ್ಧ. ಒಣ ಪೀಟ್ ತಾನೇ ಉರುವಲು. ಮೇಲೆ ನಂದಿದಂತೆ ಕಂಡರೂ ಒಳಗೊಳಗೇ ದಿನಗಟ್ಟಲೆ ಹೊಗೆಯಾಡುತ್ತದೆ. 2018ರ ಬೇಸಿಗೆಯಲ್ಲಿ ಸ್ಯಾಡಲ್‌ವರ್ತ್ ಬಯಲಿಗೆ ಬೆಂಕಿ ಬಿದ್ದಾಗ ಆರಿಸಲು ಸೈನ್ಯ ಬರಬೇಕಾಯಿತು. ಬಿಸಿ ಚಹಾ ಬೇಕಿದ್ದರೆ ಫ್ಲಾಸ್ಕ್‌ನಲ್ಲಿ ಒಯ್ಯಿರಿ.

ಟೆಂಟ್‌ಗೆ ಜಮೀನಿನ ಒಡೆಯರ ಒಪ್ಪಿಗೆ ಬೇಕು. ಇಂಗ್ಲೆಂಡಿನಲ್ಲಿ ಒಪ್ಪಿಗೆಯಿಲ್ಲದೆ ತಂಗುವ ಹಕ್ಕು ಇರುವುದು ಡಾರ್ಟ್‌ಮೂರ್‌ನ ಕೆಲವು ಭಾಗಗಳಲ್ಲಿ ಮಾತ್ರ. ಅದನ್ನೂ ಭೂಮಾಲೀಕ ದಂಪತಿಯೊಬ್ಬರು ಕೋರ್ಟಿನಲ್ಲಿ ಪ್ರಶ್ನಿಸಿದ್ದರು, 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಆ ಹಕ್ಕನ್ನು ಎತ್ತಿಹಿಡಿಯಿತು. ಸ್ಕಾಟ್ಲೆಂಡಿನ ಕಾನೂನು ಬೇರೆ, ಅಲ್ಲಿ 2003ರ ಕಾಯ್ದೆಯಿಂದಾಗಿ ಬಹುತೇಕ ತೆರೆದ ಜಾಗಗಳಲ್ಲಿ ಟೆಂಟ್ ಹಾಕಬಹುದು. ಪೀಕ್ ಡಿಸ್ಟ್ರಿಕ್ಟ್‌ನಲ್ಲೇ ರಾತ್ರಿ ಉಳಿಯಬೇಕಿದ್ದರೆ ಹ್ಯಾದರ್‌ಸೇಜ್ ಸುತ್ತಮುತ್ತ ಕ್ಯಾಂಪ್‌ಸೈಟ್‌ಗಳಿವೆ. ಬೇಸಿಗೆಯ ವಾರಾಂತ್ಯಕ್ಕೆ ಮೊದಲೇ ಜಾಗ ಕಾದಿರಿಸಿ.